ತೆಕ್ಲಾಳ ಗೊಣಗಾಟ

ತೆಕ್ಲಾ ಆ ದಿನ ಗೊಣಗಲಿಲ್ಲ.

ಅಂಪೇಲಿಯೊ ಪ್ರವಾಸಿಗರ ಗುಂಪನ್ನು ಬೆನ್ನಿಗೆ ಕಟ್ಟಿಕೊಂಡು, ತಡವಾಗಿ, ಬೆವರು ಒರೆಸಿಕೊಳ್ಳುತ್ತ ಅವಳ ಅಂಗಡಿಗೆ ನುಗ್ಗಿದ್ದ. ಜಿನೋವಾ ಬಂದರಿನ ಹಿಂದೆ, ಬಿಸಿಲು ಇಳಿಯದ ಓಣಿಯಲ್ಲಿ ಆ ಅಂಗಡಿ. ಫರಿನಾತ ಆಗಲೇ ಒಲೆಯಿಂದ ಹೊರಬಂದು ಆರತೊಡಗಿತ್ತು. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು. ಅಗಲ ತಾಮ್ರದ ತಟ್ಟೆ, ಕಟ್ಟಿಗೆಯ ಬೆಂಕಿ. ಅದರಲ್ಲಿ ಇರುವುದು ಇಷ್ಟೇ, ಬಿಸಿಯಾಗಿದ್ದಾಗ ತಿಂದವನೇ ಜಾಣ. ಬೇರೆ ದಿನವಾಗಿದ್ದರೆ ಅವಳು ಚಾಕು ಕೆಳಗಿಡದೆಯೇ ಶುರು ಹಚ್ಚಿಕೊಳ್ಳುತ್ತಿದ್ದಳು. ಗಡಿಯಾರ ಸಮುದ್ರಕ್ಕೆ ಬಿತ್ತೇನು, ನಿನಗಾಗಿ ಕಾದು ಕೂರಲು ಫರಿನಾತ ನಿನ್ನಪ್ಪನ ಮನೆಯ ಆಳೇನು ಎಂದು. ಇವತ್ತು ನಕ್ಕು, "ಬಾ, ಕೂತ್ಕೊ. ಎಲ್ರಿಗೂ ಜಾಗ ಇದೆ" ಎಂದಳು.

ಅವನ ಎದೆ ಧಸಕ್ಕೆಂದಿತು.

ನಮ್ಮ ಜಿನೋವಾದ ಹಳೆಯ ನಾವಿಕರು ಕಡಿಮೆ ಸಂಬಳಕ್ಕೆ ಒಪ್ಪುತ್ತಿದ್ದರಂತೆ, ಆದರೆ ಹಡಗಿನಲ್ಲಿ ಗೊಣಗುವ ಹಕ್ಕು ಬೇಕೇ ಬೇಕು ಎನ್ನುತ್ತಿದ್ದರಂತೆ. ಆ ರಕ್ತ ಇನ್ನೂ ನಮ್ಮ ಮೈಯಲ್ಲಿ ಹರಿಯುತ್ತಿದೆ. ಅಪರಿಚಿತರಿಗೆ ನಾವು ನಗು ಕೊಡುತ್ತೇವೆ, ಗಿರಾಕಿಗೆ ನಯವಾದ ಮಾತು ಕೊಡುತ್ತೇವೆ. ಗೊಣಗುವುದು ಮಾತ್ರ ನಮ್ಮವರು ಅನ್ನಿಸಿಕೊಂಡವರ ಮೇಲೆ. ಹೆಂಡತಿ ಗೊಣಗುವುದನ್ನು ನಿಲ್ಲಿಸಿದಳೆಂದರೆ ಗಂಡನಿಗೆ ಆ ರಾತ್ರಿ ಊಟ ಸೇರುವುದಿಲ್ಲ.

ಅಂಪೇಲಿಯೊಗೆ ಹೆಂಡತಿ ಇರಲಿಲ್ಲ. ಕೂದಲು ನರೆಯುವ ವಯಸ್ಸಿನವರೆಗೂ ಪ್ರವಾಸಿಗರಿಗೆ ಊರು ತೋರಿಸುತ್ತಲೇ ಬಂದಿದ್ದ. ಹಳೆಯ ಬಂದರು, ಕಡಿದಾದ ಓಣಿಗಳು, ಯುದ್ಧದಲ್ಲಿ ಬಿದ್ದೂ ಸಿಡಿಯದ ಬಾಂಬನ್ನು ಇಂದಿಗೂ ಇಟ್ಟುಕೊಂಡಿರುವ ದೊಡ್ಡ ಚರ್ಚು. ಯಾವ ದಾರಿ ಹಿಡಿದರೂ ಕೊನೆಗೆ ಅವನ ಕಾಲು ತೆಕ್ಲಾಳ ಅಂಗಡಿಗೇ ಎಳೆಯುತ್ತಿತ್ತು. ಅವಳು ಬೈಯುತ್ತ ಬೈಯುತ್ತಲೇ, ಕೆಂಪಗೆ ಸುಟ್ಟ ಗರಿಗರಿ ಅಂಚನ್ನು ಕತ್ತರಿಸಿ, ಅವನ ಮುಖ ನೋಡದೆ ಅವನ ಕಡೆಗೆ ತಳ್ಳುತ್ತಿದ್ದಳು. ಆಗ ಅವಳ ಕಿವಿ ಕೆಂಪಾಗುತ್ತಿತ್ತು. ಒಲೆಯ ಝಳಕ್ಕೆ ಇರಬೇಕು ಎಂದುಕೊಳ್ಳುವಷ್ಟು ದಡ್ಡ ಅವನಲ್ಲ. ಅವನು ಅವಳನ್ನು ಪ್ರೀತಿಸುತ್ತಿದ್ದ, ಆದರೆ ಬಾಯಿಬಿಟ್ಟು ಒಂದು ದಿನವೂ ಹೇಳಿರಲಿಲ್ಲ.

ಇವತ್ತು ಅವನ ಪಾಲಿಗೆ ಬಂದದ್ದು ಎಲ್ಲರಿಗೂ ಬಂದಂಥದೇ ತುಂಡು.

ಗುಂಪಿನ ಹೆಂಗಸೊಬ್ಬಳು ಫೋನು ಕೈಯಲ್ಲಿ ಹಿಡಿದು, ಅಂಗಡಿಯವಳು ಯಾವಾಗ ಬೈಯುತ್ತಾಳೆ ಎಂದು ಅವನನ್ನು ಪಿಸುಮಾತಿನಲ್ಲಿ ಕೇಳಿದಳು. ಹೋದ ವಾರ ಬಂದಿದ್ದ ಗೆಳತಿ ವಿಡಿಯೊ ಕಳಿಸಿದ್ದಳಂತೆ. ಅಂಪೇಲಿಯೊ ತಟ್ಟೆ ಕೆಳಗಿಟ್ಟ. ಹೋದ ವಾರ ಅವನೇ ಓಣಿಯ ತುದಿಯಲ್ಲಿ ಗುಂಪನ್ನು ನಿಲ್ಲಿಸಿ, ಬೇಕೆಂದೇ ತಡ ಮಾಡೋಣ, ಆಮೇಲೆ ತಮಾಷೆ ನೋಡಿ ಎಂದಿದ್ದ. ತೆಕ್ಲಾ ಗೊಣಗತೊಡಗಿದಾಗ ಎಲ್ಲರೂ ಫೋನು ಎತ್ತಿ ಹೋ ಎಂದು ನಕ್ಕಿದ್ದರು. ಅವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋಗಿದ್ದಳು. ಅವನೂ ನಕ್ಕಿದ್ದ, ಹಾಳಾದವನು.

ಗುಂಪು ಹೊರಗೆ ಹೋದ ಮೇಲೆ ಅವನು ಹಿಂದೆ ಉಳಿದ. ತಪ್ಪಾಯಿತು ಎಂದ. ಅವಳು ಮೇಜು ಒರೆಸುತ್ತಲೇ ಇದ್ದಳು.

"ಇನ್ಮೇಲೆ ಇಲ್ಲಿಗೆ ಬರ್ಬೇಡ, ಅಂಪೇಲಿಯೊ," ಎಂದಳು, ದನಿ ಏರಿಸದೆ. "ಚರ್ಚು ತೋರ್ಸು, ಅರಮನೆ ತೋರ್ಸು, ಅವು ಕಲ್ಲು. ನಿನಗೇ ಅಂತ ಇಟ್ಕೊಂಡಿದ್ದನ್ನ ನೀನು ದಾರೀಲಿ ಹೋಗೋರಿಗೆಲ್ಲ ತೋರಿಸ್ಬಿಟ್ಟೆ."

ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಆಮೇಲಿನ ದಿನಗಳಲ್ಲಿ ಅವನು ಗುಂಪುಗಳನ್ನು ಸಮುದ್ರದ ಕಡೆಯ ಹೋಟೆಲುಗಳಿಗೆ ಕರೆದೊಯ್ದ. ಅಲ್ಲಿಯವರು ಅವನನ್ನು ಕಂಡು ಬಾಯ್ತುಂಬ ನಗುತ್ತಿದ್ದರು, ಆ ನಗು ಕಂಡರೆ ಅವನಿಗೆ ಅಳು ಬರುತ್ತಿತ್ತು. ಬೆಳಗಿನ ಕಾಫಿಗೆ ಫೊಕಾಚಾ ಬ್ರೆಡ್ಡು ಅದ್ದಿ ತಿನ್ನುವಾಗಲೂ ರುಚಿ ಹತ್ತುತ್ತಿರಲಿಲ್ಲ. ಈ ಹೆಂಗಸು ಕೈತಪ್ಪಿದರೆ ಉಳಿದ ಬಾಳೆಲ್ಲ ಹೀಗೇ ನಯವಾಗಿ ಕಳೆಯಬೇಕಲ್ಲ ಎಂದು ಅವನಿಗೆ ಭಯ ಹುಟ್ಟಿತು.

ಒಂದು ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಹೊತ್ತಿನಲ್ಲಿ, ತೆಕ್ಲಾಳ ಅಂಗಡಿಗೆ ಒಬ್ಬನೇ ಬಂದು ಕೂತ. ಅವಳು ಹೊರಗೆ ಹೋಗು ಎನ್ನಲಿಲ್ಲ. ತಟ್ಟೆ ತಂದಿಟ್ಟು, ಮತ್ತೇನಾದರೂ ಬೇಕೇ ಎಂದು ಕೇಳಿದಳು. ಅವನು ಒಂದು ತುತ್ತು ತಿಂದು ತಟ್ಟೆ ಸರಿಸಿದ.

"ಉಪ್ಪು ಜಾಸ್ತಿ."

"ಉಪ್ಪು ಸರಿಯಾಗೇ ಇದೆ."

"ಜಾಸ್ತಿ. ಅಂಚೂ ಇಲ್ಲ. ಈ ಬೆಂಚು ಕುಂಟುತ್ತೆ, ಎಷ್ಟು ವರ್ಷ ಆಯ್ತು, ಕಾಲಡಿ ಒಂದು ಚಕ್ಕೆ ಇಟ್ಟಿಲ್ಲ ನೀನು." ಅವನು ಅಲ್ಲಿಗೇ ನಿಲ್ಲಿಸಲಿಲ್ಲ. "ನಿನ್ನ ನಗು ನನಗೆ ಬೇಡ, ಗಿರಾಕಿಗಳಿಗೆ ಇಟ್ಕೊ. ಮನೆಗೆ ಹೋದ್ರೆ ಯಾಕೆ ತಡ ಅನ್ನೋರು ಒಬ್ಬರಿಲ್ಲ ನನಗೆ. ಒಬ್ಬನೇ ಬಂದ್ರೆ ಎಲ್ಲಿ ಬಾಯಿಬಿಟ್ಟು ಹೇಳ್ಬೇಕಾಗುತ್ತೋ ಅಂತ ಹೆದರಿ ಪ್ರತಿ ಸಲ ಒಂದು ದಂಡು ಕಟ್ಕೊಂಡು ಬಂದೆ. ನಿನ್ನ ಪ್ರೀತಿಸ್ತೀನಿ, ತೆಕ್ಲಾ. ಅದಕ್ಕೂ ನಿನ್ನದೇ ತಪ್ಪು."

ತೆಕ್ಲಾ ಬೆನ್ನು ತಿರುಗಿಸಿ ತಾಮ್ರದ ತಟ್ಟೆ ಉಜ್ಜತೊಡಗಿದಳು. ಬಹಳ ಹೊತ್ತು ಉಜ್ಜಿದಳು. ಅವನಿಗೆ ಅವಳ ಹೆಗಲು ಅದುರುವುದು ಕಾಣುತ್ತಿತ್ತು. ಅಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

"ಅಂಗಡೀಲಿ ಇನ್ನು ನಿನ್ನ ಮೇಲೆ ಗೊಣಗಲ್ಲ," ಎಂದಳು ಕೊನೆಗೆ. "ಅದು ಮುಗೀತು."

ಅವನು ತಲೆಯಾಡಿಸಿ ಎದ್ದ. ಬಾಗಿಲ ತನಕ ಹೋಗಿದ್ದ.

"ಇನ್ನು ಗೊಣಗೋದೇನಿದ್ರೂ ಮನೇಲಿ," ಎಂದಳು ಹಿಂದಿನಿಂದ.

ಅಂಪೇಲಿಯೊ ಬಾಗಿಲು ಹಿಡಿದುಕೊಂಡೇ ನಿಂತ. ಯಾರ ಮನೆಯಲ್ಲಿ ಎಂದು ಕೇಳಿದ.

"ನಿನ್ನದು ಮೇಲಿನ ಮಹಡಿ, ಲಿಫ್ಟಿಲ್ಲ, ಮೆಟ್ಟಿಲು ನೋಡಿದ್ರೆ ಜೀವ ಹೋಗುತ್ತೆ," ಎಂದಳು ತೆಕ್ಲಾ, ಕೈಯಲ್ಲಿದ್ದ ಒದ್ದೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು. "ಅಂಥ ಮನೆ ಯಾಕಾದ್ರೂ ಹಿಡಿದ್ಯೋ. ನನ್ನ ಮನೇಲಿ."