ನಿಲ್ಲಿಸಿ ತೆಗೆಯಬೇಕಿದ್ದ ಎಕ್ಸ್-ರೇ

ವಿಠಲ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಗೋಡೆ ಹಿಡಿದು ಕುಂಟುತ್ತಾ ನನ್ನ ಎಕ್ಸ್-ರೇ ರೂಮಿಗೆ ಬಂದ. ನನ್ನನ್ನು ಕಂಡದ್ದೇ ತಡ, ನೆಟ್ಟಗೆ ನಿಲ್ಲಲು ನೋಡಿದ. ಆಗಲಿಲ್ಲ.

“ನೀವು ಇರುವುದು ಇಲ್ಲಿಯಾ ಮೇಡಮ್? ಮೊದಲೇ ಗೊತ್ತಿದ್ದರೆ ಒಳ್ಳೆಯ ಶರ್ಟ್ ಹಾಕಿಕೊಂಡು ಬೀಳುತ್ತಿದ್ದೆ.”

“ಕಾಲಿನ ಫೋಟೋದಲ್ಲಿ ಶರ್ಟ್ ಬರುವುದಿಲ್ಲ,” ಎಂದೆ.

ಎರಡು ವರ್ಷದಿಂದ ನಾನು ಅವನ ಬಸ್ಸಿನಲ್ಲೇ ಕೆಲಸಕ್ಕೆ ಬರುವವಳು. ಕಾರ್ಕಳದಿಂದ ಉಡುಪಿಗೆ ಹೋಗುವ ಪ್ರೈವೇಟ್ ಬಸ್ಸು. ನಾನು ಹಿರಿಯಡ್ಕದಲ್ಲಿ ಹತ್ತಿ ಮಣಿಪಾಲದಲ್ಲಿ ಇಳಿಯುತ್ತಿದ್ದೆ. ಅವನು ಕಂಡಕ್ಟರ್. ಮಣಿಪಾಲ ಬಂದಾಗ ಇಡೀ ಬಸ್ಸಿಗೆ ಕೇಳುವ ಹಾಗೆ “ಸುಗಂಧಿ ಮೇಡಮ್ ಇಳಿಯಲಿಕ್ಕುಂಟು, ದಾರಿ ಬಿಡಿ” ಎನ್ನುತ್ತಿದ್ದ. ನಾನೇನು ಮಿನಿಸ್ಟರಾ? ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತಿದ್ದೆ. ನಾನು ನಕ್ಕೆನೋ ಇಲ್ಲವೋ ಎಂದು ಅವನು ಡ್ರೈವರ್ ಮೇಲಿನ ಕನ್ನಡಿಯಲ್ಲಿ ನೋಡುತ್ತಿದ್ದ. ಅವನು ನೋಡುವುದನ್ನು ನಾನು ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದೆ. ಎರಡು ವರ್ಷದಲ್ಲಿ ನಮ್ಮ ನಡುವೆ ನಡೆದದ್ದು ಅಷ್ಟೇ.

“ಎಂತ ಮಾಡಿಕೊಂಡದ್ದು?” ಎಂದು ಕೇಳಿದೆ.

“ಪರ್ಕಳದ ತಿರುವಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದೆ. ಪಾದ ಫುಟ್‌ಬೋರ್ಡಿನಲ್ಲೇ ಸಿಕ್ಕಿಕೊಂಡಿತು, ಮೈ ಮಾತ್ರ ತಿರುಗಿತು.”

ಡಾಕ್ಟರ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಲಪಾದ, ನಿಲ್ಲಿಸಿ ತೆಗೆಯುವುದು. ಪಾದದ ನಡುವಿನ ಕೆಲವು ಪೆಟ್ಟುಗಳು ಹಾಗೆಯೇ. ಮಲಗಿಸಿ ತೆಗೆದರೆ ಮೂಳೆಗಳು ತಮ್ಮ ತಮ್ಮ ಜಾಗದಲ್ಲಿ ಸಾಧುವಾಗಿ ಕೂತಿರುತ್ತವೆ. ಮೈಭಾರ ಬಿದ್ದಾಗ ಮಾತ್ರ ಅವುಗಳ ನಡುವಿನ ಬಿರುಕು ಕಾಣುತ್ತದೆ. ಇದು ನಮಗೆ ಕಾಲೇಜಿನಲ್ಲೇ ಕಲಿಸಿದ ಪಾಠ.

ನಾನು ಅವನನ್ನು ನಿಲ್ಲಲು ಹೇಳಿದೆ. ಅವನು ಬಲಗಾಲು ಊರಿದ. ಮುಖದ ಬಣ್ಣ ಹೋಯಿತು, ಹಣೆಯಲ್ಲಿ ಬೆವರು ಮೂಡಿತು. ಆದರೂ ನಗಲು ನೋಡುತ್ತಿದ್ದ. ಆ ನಗು ನನ್ನಿಂದ ನೋಡಲಾಗಲಿಲ್ಲ.

“ಬೇಡ, ಬಿಡಿ. ಮಲಗಿ.”

“ನಿಲ್ಲಬೇಕು ಅಂತ ಡಾಕ್ಟರು ಹೇಳಿದ್ದಾರಲ್ವಾ?”

“ಇಲ್ಲಿ ನಾನು ಹೇಳಿದ ಹಾಗೆ. ಮಲಗಿ ಮಾರಾಯರೇ.”

ಪ್ಲೇಟಿನ ಮೇಲೆ ಅವನ ಪಾದವನ್ನು ಎರಡೂ ಕೈಯಲ್ಲಿ ಎತ್ತಿಟ್ಟೆ. ಅಂಗಾಲಿನ ನಡುವೆ ನೀಲಿಗಟ್ಟಿತ್ತು. ನಾನು ಅದನ್ನು ಕಂಡೆ, ಅಯ್ಯೋ ಪಾಪ ಅಂದುಕೊಂಡೆ, ಅಷ್ಟೇ. ಆ ನೀಲಿ ಒಳಗೆ ಮೂಳೆಗಳ ಕಟ್ಟು ಹರಿದದ್ದರ ಗುರುತು ಎಂದು ನೆನಪು ಮಾಡಿಕೊಳ್ಳುವಷ್ಟು ಬುದ್ಧಿ ಆ ಹೊತ್ತಿನಲ್ಲಿ ನನಗೆ ಇರಲಿಲ್ಲ. ಅವನ ಪಾದ ನನ್ನ ಅಂಗೈಯಲ್ಲಿತ್ತು, ಅವನು ಚಾವಣಿ ನೋಡುವ ನೆಪದಲ್ಲಿ ನನ್ನನ್ನು ನೋಡುತ್ತಿದ್ದ.

ಚೀಟಿಯಲ್ಲಿ ಇದ್ದಂತೆ ಕಂಪ್ಯೂಟರಿನಲ್ಲಿ ‘ನಿಂತು’ ಎಂದು ಮೊದಲೇ ಒತ್ತಿಟ್ಟಿದ್ದೆ. ಅದನ್ನು ಬದಲಿಸಲು ಮರೆತೆ. ಫಿಲ್ಮಿನ ಮೂಲೆಯಲ್ಲಿ ಹಾಗೆಯೇ ಅಚ್ಚಾಯಿತು. ವರದಿ ಬರೆಯುವ ಡಾಕ್ಟರು ಪೇಷಂಟನ್ನು ನೋಡುವುದಿಲ್ಲ, ಫಿಲ್ಮ್ ಮಾತ್ರ ನೋಡುತ್ತಾರೆ. ಮೂಳೆ ಮುರಿದಿಲ್ಲ, ಅಂತರ ಇಲ್ಲ, ಬರೇ ಉಳುಕು ಎಂದು ವರದಿ ಬಂತು. ಬ್ಯಾಂಡೇಜು, ಗುಳಿಗೆ, ಹತ್ತು ದಿವಸ ವಿಶ್ರಾಂತಿ.

ಅವನು ಆರನೆಯ ದಿವಸವೇ ಬಸ್ಸಿನಲ್ಲಿದ್ದ.

“ಇನ್ನೂ ನಾಲ್ಕು ದಿವಸ ಉಂಟಲ್ಲ?” ಎಂದು ಗದರಿದೆ.

“ಮೂಳೆ ಸರಿ ಉಂಟು ಅಂತ ನೀವೇ ಫೋಟೋ ತೆಗೆದು ಹೇಳಿದ್ದೀರಿ. ಮತ್ತೆ ಮನೆಯಲ್ಲಿ ಕೂತು ಯಾರ ಮುಖ ನೋಡುವುದು?”

ಆ ದಿವಸ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಅವನ ಮುಖವನ್ನೇ ನೋಡಿ ನಕ್ಕೆ.

ಆಮೇಲಿನ ನಾಲ್ಕು ತಿಂಗಳು ನನ್ನ ಬದುಕಿನ ಅತ್ಯಂತ ಚಂದದ ದಿನಗಳು. ಭಾನುವಾರ ಅವನಿಗೆ ರಜೆ ಸಿಕ್ಕಿದರೆ ಕಾಪು ಬೀಚಿಗೆ ಹೋಗುತ್ತಿದ್ದೆವು. ಲೈಟ್‌ಹೌಸ್ ಬಂಡೆಯ ಕೆಳಗೆ ಕೂತು ಚರುಮುರಿ ತಿನ್ನುತ್ತಿದ್ದೆವು. ಅವನು ಸ್ವಲ್ಪ ಕುಂಟುತ್ತಿದ್ದ. ಕೇಳಿದರೆ, “ನಿಮ್ಮೊಟ್ಟಿಗೆ ನಿಧಾನ ನಡೆಯಲಿಕ್ಕೆ ಒಂದು ಕಾರಣ ಬೇಡವಾ?” ಎನ್ನುತ್ತಿದ್ದ. ನಾನು ನಂಬುತ್ತಿದ್ದೆ. ನಂಬುವುದು ಸುಖವಾಗಿತ್ತು.

ಫೆಬ್ರವರಿಯ ಒಂದು ಸಂಜೆ ಅವನು ಚಪ್ಪಲಿ ಬಿಟ್ಟು ಅಲೆಯ ಅಂಚಿನಲ್ಲಿ ನಡೆಯುತ್ತಿದ್ದ. ನಾನು ಹಿಂದಿನಿಂದ ಬರುತ್ತಿದ್ದೆ.

“ಶಿವರಾತ್ರಿ ಕಳೆದ ಮೇಲೆ ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ,” ಎಂದ, ಹಿಂದೆ ತಿರುಗದೆ. “ನಿಮ್ಮ ಅಪ್ಪ ಎಂತ ಹೇಳಿಯಾರು? ಕಂಡಕ್ಟರ್ ಅಂತ ಬೇಡ ಹೇಳುತ್ತಾರಾ?”

ಒದ್ದೆ ಮರಳಿನಲ್ಲಿ ಅವನ ಹೆಜ್ಜೆಗಳು ಮೂಡಿದ್ದವು. ಎಡಗಾಲಿನ ಹೆಜ್ಜೆಗೆ ನಡುವೆ ಕಮಾನು ಇತ್ತು, ಎಲ್ಲರಿಗೂ ಇರುವ ಹಾಗೆ. ಬಲಗಾಲಿನದ್ದು ಹಿಮ್ಮಡಿಯಿಂದ ಬೆರಳಿನ ತನಕ ಚಪ್ಪಟೆಯಾಗಿ ಪೂರ್ತಿ ಮೂಡಿತ್ತು. ಹತ್ತು ಹೆಜ್ಜೆ ನೋಡಿದೆ. ಹತ್ತರಲ್ಲಿಯೂ ಹಾಗೆಯೇ.

“ಮೇಡಮ್, ಅಷ್ಟು ಯೋಚನೆ ಮಾಡುವ ಪ್ರಶ್ನೆಯಾ ಅದು?”

“ಅಪ್ಪ ಬೇಡ ಹೇಳುವುದಿಲ್ಲ,” ಎಂದೆ. “ನಾಳೆ ಒಮ್ಮೆ ಕಾಲು ತೋರಿಸಿ ಬರುವ. ನನಗೋಸ್ಕರ.”

ಮರುದಿನ ಬೇಗ ಹೋಗಿ ಹಳೆಯ ಫಿಲ್ಮ್ ತೆರೆದು ನೋಡಿದೆ. ಮೂಲೆಯಲ್ಲಿ ನಾನು ಬದಲಿಸಲು ಮರೆತ ‘ನಿಂತು’ ಎಂಬ ಆ ಪದ ಇತ್ತು. ಆಮೇಲೆ ಅವನು ಬಂದ. ಈ ಸಲ ನಿಲ್ಲಿಸಿ ತೆಗೆದೆ. ಮೊದಲ ಮತ್ತು ಎರಡನೆಯ ಉದ್ದ ಮೂಳೆಗಳ ನಡುವೆ, ಇರಬಾರದ ಜಾಗದಲ್ಲಿ, ಒಂದು ಕಪ್ಪು ಬಿರುಕು. ಸಿ.ಟಿ. ಸ್ಕ್ಯಾನಿನಲ್ಲಿ ಕೀಲು ಸವೆದು ಹೋದದ್ದೂ ಕಂಡಿತು.

ಸರ್ಜನ್ ಸಮಾಧಾನದಿಂದಲೇ ಹೇಳಿದರು: “ಪೆಟ್ಟಾದ ವಾರವೇ ಗೊತ್ತಾಗಿದ್ದರೆ ಎರಡು ಸ್ಕ್ರೂ ಸಾಕಿತ್ತು. ಈಗ ಮೂಳೆಗಳನ್ನು ಕೂಡಿಸಿ ಪ್ಲೇಟ್ ಹಾಕಬೇಕು. ನಡೆಯಬಹುದು. ಬಸ್ಸಿನಲ್ಲಿ ದಿನವಿಡೀ ನಿಲ್ಲುವುದು, ಹಾರಿ ಇಳಿಯುವುದು, ಅದು ಇನ್ನು ಬೇಡ.”

ಹದಿನಾಲ್ಕು ವರ್ಷ ಅವನು ಫುಟ್‌ಬೋರ್ಡಿನ ಮೇಲೆ ಬದುಕಿದವನು. ಹೊರಗೆ ಬಂದು ಬೆಂಚಿನಲ್ಲಿ ಕೂತು, “ತಪ್ಪು ನನ್ನದೇ,” ಎಂದ. “ಹತ್ತು ದಿವಸ ಕೂರು ಅಂದರೆ ಆರಕ್ಕೇ ಎದ್ದು ಬಂದೆ.”

ಅವನ ತಾಯಿ ನಳಿನಾಕ್ಷಮ್ಮನೂ ಅದನ್ನೇ ಹೇಳಿದರು. ಫೋನಿನಲ್ಲಿ ನನ್ನ ಹತ್ತಿರ ಅತ್ತರು. “ಅವನಿಗೆ ಬುದ್ಧಿ ಇಲ್ಲ ಮಗಾ. ಯಾರ ಮಾತೂ ಕೇಳುವುದಿಲ್ಲ. ನೀನೊಬ್ಬಳು ಇದ್ದದ್ದಕ್ಕೆ ಈಗಲಾದರೂ ಗೊತ್ತಾಯಿತು.” ನಾನು ಹೂಂಗುಟ್ಟಿದೆ.

ನಮ್ಮ ಎಕ್ಸ್-ರೇ ಸೆಂಟರಿನ ಹಿರಿಯ ಟೆಕ್ನಿಷಿಯನ್ ವೆರೊನಿಕಾ ಬಾಯಿ ಅವರಿಗೆ ಮಾತ್ರ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು. “ನಿಲ್ಲಲಿಕ್ಕೆ ಆಗದಿದ್ದರೆ ಆಗಲಿಲ್ಲ ಅಂತ ಬರೆಯಬೇಕಿತ್ತು ಸುಗಂಧಿ. ಅಷ್ಟೇ ಸಾಕಿತ್ತು. ವಾರ ಬಿಟ್ಟು ಪುನಃ ತೆಗೆಸುತ್ತಿದ್ದರು.” ಕನ್ನಡಕ ಹಾಕಿಕೊಂಡು, “ಅವನಿಗೆ ಹೇಳಬೇಡ. ಮದುವೆ ಆಗಿ ಅವನನ್ನು ಚೆನ್ನಾಗಿ ನೋಡಿಕೋ. ಅದೇ ಪ್ರಾಯಶ್ಚಿತ್ತ ಅಂದುಕೋ,” ಎಂದರು.

ಹದಿನೇಳು ದಿವಸ ಅದನ್ನೇ ಅಂದುಕೊಂಡೆ. ಆದರೆ ಅವನು ಪ್ರತಿ ದಿನ ತನ್ನನ್ನೇ ಬೈದುಕೊಳ್ಳುತ್ತಿದ್ದ. ನನ್ನ ಪಾಪವನ್ನು ತನ್ನದೆಂದು ನಂಬಿದವನ ಪಕ್ಕದಲ್ಲಿ ಜೀವಮಾನವಿಡೀ ಹೇಗೆ ಮಲಗುವುದು?

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಸೆಂಟರಿನಲ್ಲಿ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ಅಲ್ಲಿಂದ ನೇರ ವಾರ್ಡಿಗೆ ಹೋದೆ. ನಳಿನಾಕ್ಷಮ್ಮ ಮಗನಿಗೆ ಗಂಜಿ ಕೊಡುತ್ತಿದ್ದರು. ನಿಂತುಕೊಂಡೇ ಹೇಳಿದೆ. ನಿಲ್ಲಿಸದೆ ಇದ್ದದ್ದು, ಬರೆಯದೆ ಇದ್ದದ್ದು, ಮೂಲೆಯ ಆ ಪದ, ಎಲ್ಲ. ಹೇಳುವಾಗ ಅಳಬಾರದೆಂದುಕೊಂಡಿದ್ದೆ, ಅತ್ತೆ.

“ಯಾವಾಗಿನಿಂದ ಗೊತ್ತು?” ಎಂದು ವಿಠಲ ಕೇಳಿದ.

“ಹದಿನೇಳು ದಿವಸ ಆಯಿತು.”

“ನನ್ನ ಜಾಗದಲ್ಲಿ ಬೇರೆ ಯಾರಾದರೂ ಬಂದಿದ್ದರೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಿಲ್ಲಿಸುತ್ತಿದ್ದೆ,” ಎಂದೆ.

ನಳಿನಾಕ್ಷಮ್ಮ ಗಂಜಿಯ ಬಟ್ಟಲನ್ನು ಕೆಳಗಿಟ್ಟರು. “ಅವನಿಗೆ ನೋವಾಗಬಾರದು ಅಂತ ಮಾಡಿದ್ದಾ?”

“ಹೌದು ಅಮ್ಮಾ.”

“ನಾನಾದರೂ ನಿಲ್ಲಿಸುತ್ತಿರಲಿಲ್ಲ,” ಎಂದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. “ಆದರೆ ನನ್ನ ಹತ್ತಿರ ಅವನನ್ನು ಯಾರೂ ಎಕ್ಸ್-ರೇಗೆ ಕಳಿಸಲಿಲ್ಲವಲ್ಲ ಮಗಾ.” ಆಮೇಲೆ ಬಟ್ಟಲು ತೊಳೆಯಲು ಹೊರಗೆ ಹೋದರು.

ವಿಠಲ ಕಿಟಕಿಯ ಕಡೆ ನೋಡುತ್ತಿದ್ದ. ಮಾತಾಡಿದಾಗ ಅವನ ಧ್ವನಿ ಮೆತ್ತಗಿತ್ತು.

“ನಿಮ್ಮ ಮೇಲೆ ನನಗೆ ಸಿಟ್ಟು ಇಲ್ಲ ಸುಗಂಧಿ. ಬಂದರೆ ಮುಂದೆ ಬಂದೀತು, ಗೊತ್ತಿಲ್ಲ. ಅಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಅಂದಿದ್ದೆನಲ್ಲ, ಅದು ಇನ್ನು ಬೇಡ.”

“ನಾನು ನಿಮ್ಮನ್ನು ನೋಡಿಕೊಳ್ಳುತ್ತೇನೆ. ಎಷ್ಟು ತಿಂಗಳಾದರೂ ಸರಿ.”

“ಅದಕ್ಕೇ ಬೇಡ ಹೇಳುವುದು. ನೀವು ನನ್ನನ್ನು ನೋಡುವುದು ನನಗೆ ಎಷ್ಟು ಇಷ್ಟ ಇತ್ತು ಅಂತ ನಿಮಗೆ ಗೊತ್ತುಂಟಲ್ಲ. ಇನ್ನು ನೀವು ನೋಡುವುದು ನನ್ನನ್ನಲ್ಲ, ಈ ಕಾಲನ್ನು.”

“ಇಲ್ಲ.”

“ಹಾಗಾದರೆ ನನ್ನ ಮುಖ ನೋಡಿ ಒಮ್ಮೆ.”

ನೋಡಿದೆ. ಹಣೆ ನೋಡಿದೆ, ಆ ಕಣ್ಣು ನೋಡಿದೆ. ಎಷ್ಟು ಪ್ರೀತಿ ಇತ್ತು ಅದರಲ್ಲಿ, ದೇವರೇ. ಎಷ್ಟು ಹೊತ್ತು ತಡೆದೆನೋ ಗೊತ್ತಿಲ್ಲ. ನನ್ನ ಕಣ್ಣು ತಾನಾಗಿಯೇ ಕೆಳಗೆ ಜಾರಿ ಅವನ ಬಲಪಾದದ ಮೇಲೆ ನಿಂತಿತು.

ಅವನು ಕೈ ಚಾಚಿ ಹೊದಿಕೆಯನ್ನು ಎಳೆದು ಕಾಲು ಮುಚ್ಚಿಕೊಂಡ.