ಹಿಂದಕ್ಕೆ ಕೊಡುವ ಚೆಂಡು

ನಮ್ಮ ತೋಟದಲ್ಲಿ ಯಾರೋ ಒಬ್ಬರು ಬಾಳೆ ಗಿಡವನ್ನು ತಬ್ಬಿಕೊಂಡು ಬಿದ್ದಿದ್ದರು. ಬಿದ್ದವರು ಎದ್ದರು, ಹತ್ತು ಹೆಜ್ಜೆ ಹಿಂದೆ ಸರಿದರು, ತಲೆ ಬಗ್ಗಿಸಿ ಓಡಿಬಂದು ಪಕ್ಕದ ಗಿಡಕ್ಕೆ ಭುಜ ಕೊಟ್ಟು ಅದನ್ನೂ ತಬ್ಬಿಕೊಂಡು ನೆಲಕ್ಕುರುಳಿದರು. ನಾನು ಕುಡುಗೋಲು ಹಿಡಿದು ಕಾಲುವೆ ದಾಟಿದೆ.

"ಯಾರ್ರೀ ನೀವು? ಗಿಡಕ್ಕ ಏನ್ ಮಾಡಾಕತ್ತೀರಿ?"

ಅವರು ಮಲಗಿದಲ್ಲಿಂದಲೇ ಮೊದಲು ಕುಡುಗೋಲು ನೋಡಿದರು, ಆಮೇಲೆ ನನ್ನನ್ನು.

"ತಾಲೀಮು ಮಾಡಾಕತ್ತೀನ್ರಿ. ಗೊನಿ ಕಡದ ಗಿಡ ಹೆಂಗೂ ಕೆಡವೋದೇ ಅಂತ ನಮ್ಮತ್ತಿ ಹೇಳ್ಯಾಳ."

"ನಿಮ್ಮತ್ತಿ ತೋಟ ಬದುವಿನ ಆಚಿಗೆ ಅದ. ಇದು ನಮ್ದು. ಮತ್ತ ಈ ಗಿಡದ ಹೂವರೆ ನೋಡೀರೇನು? ಇನ್ನೂ ಕಾಯಿ ಕಚ್ಚಿಲ್ಲ."

ಅವರು ಗಿಡದ ತುದಿಯ ಕಡೆ ತೆವಳಿದರು. ಕೆಂಪು ಹೂವು ಮಣ್ಣಿನಲ್ಲಿ ಹೊರಳಿತ್ತು. ಅವರ ಮುಖ ಸಣ್ಣದಾಯಿತು.

"ಬಸುರಿ ಇತ್ತೇನ್ರಿ?"

ಬಯ್ಯಬೇಕೆಂದು ಬಂದವಳಿಗೆ ಬಯ್ಗುಳ ಮರೆತುಹೋಯಿತು.

ಅಷ್ಟರಲ್ಲಿ ಪಕ್ಕದ ತೋಟದ ಕಸ್ತೂರಿಬಾಯಿ ಏದುಸಿರು ಬಿಡುತ್ತ ಬಂದಳು. "ಕಲ್ಯಾಣಪ್ಪಾ, ಬದು ದಾಟಬ್ಯಾಡ ಅಂದಿದ್ದೆನಲ್ಲೋ!" ಅವಳ ಅಣ್ಣನ ಮಗ ಇವರು. ಮನೆ ಕಲಬುರ್ಗಿಯ ಬ್ರಹ್ಮಪುರದಲ್ಲಿ, ನೌಕರಿ ಹತ್ತಿ ಮಿಲ್ಲಿನಲ್ಲಿ.

ನಮ್ಮ ಅಪ್ಪ ಅಣವೀರಪ್ಪ ಸಿಟ್ಟಿನಲ್ಲಿ ಒಂದು ತೀರ್ಪು ಕೊಟ್ಟ. "ಗಿಡ ಕೆಡವಿದ ಜಾಗದಾಗ ಬಾಳಿ ಕಂದು ನೆಡು. ನೆಟ್ಟು ಹ್ವಾದ್ರ ಸಾಲದು. ಹೂ ಬಿಡೋತನಕ ಬಂದು ನೀನೇ ನೀರು ಹಾಕು."

ಬಾಳೆ ಹೂ ಬಿಡಬೇಕಾದರೆ ಒಂಬತ್ತು ಹತ್ತು ತಿಂಗಳು. ಅಪ್ಪ ಅದನ್ನು ಲೆಕ್ಕ ಹಾಕಿರಲಿಲ್ಲ.

ನಿಜಾಮರ ರಾಜ್ಯದಲ್ಲಿ ಶುಕ್ರವಾರ ಸೂಟಿ. ಶುಕ್ರವಾರ ಬಂತೆಂದರೆ ಅವರು ಹುಮನಾಬಾದದ ಮೋಟಾರು ಹತ್ತಿ ಕಮಲಾಪುರಕ್ಕೆ ಬರುವರು, ಬಗಲಲ್ಲಿ ಚರ್ಮದ ಚೆಂಡು. ಅದು ದುಂಡಗಿರಲಿಲ್ಲ, ಕೋಳಿ ತತ್ತಿಯ ಹಾಗೆ ಉದ್ದುದ್ದ. ಮಿಲ್ಲಿನ ಇಂಜಿನಿಯರ್ ಸಾಹೇಬ ತನ್ನ ಊರಿನ ಆಟವೊಂದನ್ನು ಕಲಬುರ್ಗಿಗೆ ತಂದಿದ್ದ, ರಗ್ಬಿ ಅಂತ. ಊರಿನವರು ಅದಕ್ಕೆ ತತ್ತಿ ಆಟ ಎಂದು ಹೆಸರಿಟ್ಟು ನಗುತ್ತಿದ್ದರು. ಹದಿನೈದು ಮಂದಿ ಬೇಕು, ಮೊದಲು ಸಿಕ್ಕವರು ಆರು. ಬಾಯ್ಲರಿನ ನಬಿಸಾಬ್ ಶಹಾಬಜಾರದ ತಾಲೀಮು ಮನೆಯಿಂದ ಪೈಲ್ವಾನರನ್ನು ಎಳೆತಂದ ಮೇಲೆ ಹದಿನಾಲ್ಕಾಯಿತು. ಹದಿನೈದನೆಯವರು ಇವರು. ಹದಿನಾರನೆಯವರು ಸಿಗಲೇ ಇಲ್ಲ.

"ಯಾಕ್ರಿ, ಬ್ರಹ್ಮಪುರದಾಗ ಗಂಡಸರಿಗೆ ಬರ ಬಂದದೇನು?" ಎಂದು ನಾನು ಕೇಳಿದೆ.

ಅವರು ಎದೆ ಮುಟ್ಟಿ ತೋರಿಸಿದರು. "ಕೊರಳಾಗ ಲಿಂಗ ಅದಲ್ರಿ. ಜಗ್ಗಾಟದಾಗ ಶಿವದಾರ ಹರದು ಬಿದ್ರ? ಅದಕ್ಕ ನಮ್ಮ ಮಂದಿ ಮಕ್ಕಳನ್ನ ಬಿಡವೊಲ್ರು. ನಾನೂ ಶಲ್ಯೆ ಬಿಗಿದು ಕಟ್ಕೊಂಡು ಆಡ್ತೀನಿ. ಎರಡು ಸಲ ಗಂಟು ಸಡಿಲಾಗಿ ಆಟ ಬಿಟ್ಟು ಹೊರಗ ಓಡಿಬಂದೀನಿ."

ಗೊನೆ ಹೊತ್ತು ಬೆಳೆದವಳು ನಾನು, ಅವರು ಚೆಂಡು ಹಿಡಿಯುವ ರೀತಿ ನೋಡಿ ಸುಮ್ಮನಿರಲಾಗಲಿಲ್ಲ. "ಹಂಗ ಹಿಡದ್ರ ಜಾರ್ತದ್ರಿ. ಬಗಲಾಗ ಒತ್ತಿ ಹಿಡೀರಿ, ಕೂಸಿನಂಗ." ಹಿಡಿದರು. ಮರುವಾರ ಬಂದು ಹೇಳಿದರು: "ಸಾಹೇಬ ಕೇಳಿದ, ಯಾರು ಕಲಿಸಿದ್ರು ಅಂತ."

"ಏನಂದ್ರಿ?"

"ಕಮಲಾಪುರದಾಗ ಒಬ್ಬ ಉಸ್ತಾದ ಅದಾನ ಅಂದೆ. ಕುಡುಗೋಲು ಹಿಡಕೊಂಡು ಕಲಿಸ್ತಾನ ಅಂದೆ."

ನೀರು ಹಾಯಿಸುತ್ತ ಆಟದ ಕಟ್ಟಳೆ ಹೇಳುತ್ತಿದ್ದರು. ನನಗೆ ತಲೆಗೆ ಹತ್ತದೆ ಉಳಿದದ್ದು ಒಂದೇ.

"ಮುಂದ ಓಡಬೇಕು, ಚೆಂಡು ಮಾತ್ರ ಹಿಂದಿನವರಿಗೆ ಕೊಡಬೇಕು. ಮುಂದಕ್ಕ ಒಗದ್ರ ತಪ್ಪು."

"ಹಿಂದ ಯಾರದಾರ ಅಂತ ಹೊಳ್ಳಿ ನೋಡ್ತೀರೇನು?"

"ನೋಡಿದ್ರ ಓಟ ಕಡಿಮಿ ಆಗ್ತದ. ಹಿಂದಿನವರು ನಮ್ಮ ಹೆಸರ ಹಿಡದು ಕೂಗ್ತಾರ. ದನಿ ಕೇಳಿ ಕೊಟ್ಟುಬಿಡೋದು."

"ಹಂಗಾರ ಹೆಂಗಸರಿಗೆ ಈ ಆಟ ಆಗಂಗಿಲ್ಲ ಬಿಡ್ರಿ. ಗಂಡನ ಹೆಸರ ಹ್ಯಾಂಗ ಕೂಗೋದು?"

ಅವರು ಸಲಿಕೆ ನಿಲ್ಲಿಸಿದರು. ನೀರು ಮಡಿ ತುಂಬಿ ಹೊರಗೆ ಹರಿಯಿತು.

"ನೀವು ಯಾರ ಹಿಂದ ಓಡಾಕ ಹೊಂಟೀರಿ?"

ನಮ್ಮೂರಿನ ಬಾಳೆಹಣ್ಣು ಕೆಂಪಗಿರುವುದು ಎಲ್ಲರಿಗೂ ಗೊತ್ತು. ಆ ದಿನ ನನ್ನ ಮುಖ ಅದಕ್ಕೆ ಸೋತಿರಲಿಕ್ಕಿಲ್ಲ.

ಕಂದು ನನ್ನ ತಲೆ ಮೀರಿ ಬೆಳೆದಾಗ ಕಸ್ತೂರಿಬಾಯಿ ಸಂಬಂಧ ಕೇಳಲು ಬಂದಳು. ನನಗೆ ಇಪ್ಪತ್ತು ದಾಟಿತ್ತು. ಅವ್ವ ತೀರಿದ ಮೇಲೆ ತೋಟ ನೋಡಿಕೊಳ್ಳುವವರಿಲ್ಲದೆ ನನ್ನ ಮದುವೆ ಹಿಂದೆ ಬಿದ್ದಿತ್ತು. ಅಪ್ಪ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ.

"ಹುಡುಗ ಬೇಶ್ ಅದಾನ. ಆದ್ರ ಕೊರಳಾಗ ಲಿಂಗ ಕಟ್ಕೊಂಡು ಮಂದಿ ಕಾಲಾಗ ಹೊರಳಾಡವಂಗ ನನ್ನ ಮಗಳನ್ನ ಕೊಡಂಗಿಲ್ಲ. ಆಟ ಬಿಡಲಿ. ಇಲ್ಲಾ ನಮ್ಮನಿ ಬಿಡಲಿ."

ಕಸ್ತೂರಿಬಾಯಿಯಿಂದ ಸುದ್ದಿ ತಿಳಿದು ಮುಂದಿನ ಶುಕ್ರವಾರ ಅವರು ಮೋಟಾರಿನಿಂದ ಇಳಿದವರೇ ಕಂದಿನ ಹತ್ತಿರ ಬಂದರು.

"ಸಾಹೇಬಗ ಹೇಳ್ತೀನಿ, ಬಿಟ್ಟೆ ಅಂತ."

"ವಾಡಿ ರೈಲ್ವೆಯವರ ಕೂಡ ಪಂದ್ಯ ಅದ ಅಂದಿದ್ರಿ?"

"ಹದಿನಾಕು ಮಂದಿ ಆಡ್ತಾರ. ನನಗ ಆಟಕ್ಕಿಂತ..." ಅವರು ಕೊಡ ಎತ್ತಿಕೊಂಡರು.

ಅವರು ಬಲಗೈಯಲ್ಲಿ ನೀರು ಹಾಕುವುದನ್ನು ನೋಡುತ್ತ ನಿಂತೆ. ಎಡಗೈ ಆ ಚೆಂಡನ್ನು ಬಗಲಿನಿಂದ ಬಿಟ್ಟಿರಲಿಲ್ಲ. ಒತ್ತಿ ಹಿಡಿದಿದ್ದರು, ನಾನು ಕಲಿಸಿದ ಹಾಗೆಯೇ. ಇಷ್ಟು ಬೇಕಾದದ್ದನ್ನು ನನ್ನ ಸಲುವಾಗಿ ಕೆಳಗಿಟ್ಟವರ ಮುಖವನ್ನು ದಿನಾ ಹ್ಯಾಗೆ ನೋಡಲಿ?

"ಒಂದು ವಾರ ತಡೀರಿ," ಎಂದೆ. "ಸಾಹೇಬಗ ಏನೂ ಹೇಳಬ್ಯಾಡ್ರಿ."

ಕಸ್ತೂರಿಬಾಯಿ ಒಗೆದು ಬದುವಿನ ಬೇಲಿಗೆ ಹಾಕಿದ್ದ ಅವರ ಅಂಗಿಯನ್ನು ಗೇಣಿನಲ್ಲಿ ಅಳೆದೆ. ನಾಲ್ಕು ಗೇಣು, ಎರಡು ಬೆರಳು. ಎದೆಗೆ ಸುತ್ತಿ ಬೆನ್ನಿನಲ್ಲಿ ಬಿಗಿಯುವ ಪಟ್ಟಿ, ನಡುವೆ ಲಿಂಗದ ಕರಡಿಗೆ ಕೂರುವಷ್ಟು ಚೀಲ, ಮೇಲೆ ಎರಡು ಎಳೆ ಹೊಲಿಗೆ. ಅದಕ್ಕೆ ಬೇಕಾದಂಥ ಗಟ್ಟಿ ಬಟ್ಟೆ ನಮ್ಮ ಮನೆಯಲ್ಲಿ ಒಂದೇ ಇತ್ತು: ಅಪ್ಪ ತಲೆಗೆ ಸುತ್ತುವ ರುಮಾಲು, ಬಿಳಿಯದು, ಕೆಂಪು ಅಂಚಿನದು. ತುದಿಯಿಂದ ಬೇಕಾದಷ್ಟು ಕತ್ತರಿಸಿ, ಉಳಿದದ್ದನ್ನು ಮಡಿಸಿ ಗೂಟಕ್ಕೆ ಹಾಕಿದೆ.

ಅಪ್ಪ ಬೆಳಿಗ್ಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ.

"ನೀಲಾ, ರುಮಾಲ ಒಂದು ಸುತ್ತು ಕಡಿಮಿ ಬರ್ತದಲ್ಲ. ನನ್ನ ತಲಿ ದೊಡ್ಡದಾತೇನು?"

"ವಯಸ್ಸಾತಲ್ಲಪ್ಪ," ಎಂದೆ, ಒಲೆಯ ಕಡೆ ತಿರುಗಿ.

ಪಟ್ಟಿ ಕೊಟ್ಟಾಗ ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಅಳತಿ ಹ್ಯಾಂಗ ಗೊತ್ತಾತ್ರಿ?"

"ಬೇಲಿ ಹೇಳ್ತು."

ಪಂದ್ಯದ ದಿನ ನಮ್ಮ ಹಣ್ಣಿನ ಗಾಡಿ ಕಲಬುರ್ಗಿ ಬಜಾರಕ್ಕೆ ಹೊರಟಿತ್ತು. ಹೊಲಿಯುವ ದಾರ ಬೇಕೆಂದು ನಾನೂ ಹತ್ತಿದ್ದೆ. ಕೋಟೆಯ ಹತ್ತಿರ ಬಯಲಿನಲ್ಲಿ ಗದ್ದಲ ಕೇಳಿ ಎತ್ತು ನಿಲ್ಲಿಸಿದವನು ಅಪ್ಪನೇ.

ಬಯಲಿನ ಸುತ್ತ ಜನ. "ಇವರು ಆಡಾಕತ್ತಾರೋ ಹೊಡದಾಡಾಕತ್ತಾರೋ!" ಎಂದು ಒಬ್ಬ ನಕ್ಕ. ವಾಡಿಯ ಡ್ರೈವರುಗಳು, ಫೈರ್‌ಮನ್‌ಗಳು, ಒಬ್ಬೊಬ್ಬರೂ ಬೇವಿನ ಬೊಡ್ಡೆಯ ಹಾಗಿದ್ದರು. ಎರಡೂ ಕಡೆ ಸಮ ಆಗಿ ಆಟ ಮುಗಿಯಲು ಬಂದಿತ್ತು. ಆಗ ಚೆಂಡು ಇವರ ಕೈಗೆ ಬಂತು.

ಓಡಿದರು. ಒಬ್ಬ ಕೊರಳಿಗೆ ಕೈಹಾಕಿ ಜಗ್ಗಿದ, ಅಂಗಿ ಪರ್ರೆಂದು ಹರಿಯಿತು. ಇನ್ನೊಬ್ಬ ಕಾಲು ಹಿಡಿದ. ಗೆರೆ ನಾಲ್ಕು ಮಾರು ದೂರವಿತ್ತು. ಬಿದ್ದರು, ಅವರ ಮೇಲೆ ಮೂವರು ಬಿದ್ದರು. ಅಪ್ಪನ ಕೈ ತನ್ನ ಎದೆಯ ಲಿಂಗಕ್ಕೆ ಹೋಯಿತು.

ನಾನು ಗಾಡಿಯ ಮೇಲೆ ಎದ್ದು ನಿಂತಿದ್ದೆ.

"ಕಲ್ಯಾಣಪ್ಪಾ!"

ಅಷ್ಟು ಜನರ ನಡುವೆ ಅದೊಂದೇ ಹೆಣ್ಣು ದನಿ. ಕೂಗಿದ್ದು ನಾನೇ ಎಂದು ಅಪ್ಪ ನನ್ನ ಕಡೆ ತಿರುಗಿದಾಗಲೇ ನನಗೆ ತಿಳಿದದ್ದು. ಆ ರಾಶಿಯೊಳಗಿಂದ ಒಂದು ಕೈ ಹೊರಬಂದು ಚೆಂಡನ್ನು ಹಿಂದಕ್ಕೆ ತಳ್ಳಿತು. ನಬಿಸಾಬ್ ಅದನ್ನು ಎದೆಗಪ್ಪಿ ಗೆರೆಯಾಚೆ ಹಾರಿಬಿದ್ದ. ಪೈಲ್ವಾನರು ಅವನನ್ನು ಹೆಗಲಿಗೇರಿಸಿದರು.

"ಅರೇ ಭಾಯಿ, ಕೂಗಿದ್ದು ನಾನಲ್ಲ!" ಎಂದು ಅವನು ಮೇಲಿಂದಲೇ ಒದರುತ್ತಿದ್ದ. "ನನ್ನ ದನಿ ಅಷ್ಟು ಛಂದ ಅದ ಏನು?"

ಅವರು ಕುಂಟುತ್ತ ಗಾಡಿಯ ಹತ್ತಿರ ಬಂದರು. ಅಂಗಿ ಚಿಂದಿಯಾಗಿತ್ತು. ಅಪ್ಪ ಕೆಳಗಿಳಿದ. ಮೊದಲು ಕರಡಿಗೆ ನೋಡಿದ. ಇದ್ದ ಜಾಗದಿಂದ ಎಳ್ಳಷ್ಟೂ ಸರಿದಿರಲಿಲ್ಲ. ಆಮೇಲೆ ಪಟ್ಟಿ ನೋಡಿದ. ಕೆಂಪು ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದ, ಇನ್ನೊಂದು ಕೈಯಿಂದ ತಲೆಯ ರುಮಾಲಿನ ತುದಿ ಹುಡುಕಿದ. ನಾನು ನೆಲ ನೋಡಿದೆ.

"ನನ್ನ ತಲಿ ದೊಡ್ಡದಾಗಿಲ್ಲ ಅಂದಂಗಾತು."

ಅಪ್ಪ ರುಮಾಲಿನ ತುದಿ ಬಿಟ್ಟು ಅವರ ಕಡೆ ತಿರುಗಿದ.

"ತಮ್ಮಾ, ಅಳತಿ ಯಾವಾಗ ಕೊಟ್ಟಿ?"

"ನಾ ಕೊಟ್ಟಿಲ್ರಿ," ಎಂದರು ಅವರು. "ಅವರೇ ತಗೊಂಡಾರ."

ಅಪ್ಪ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದ. ಒಂದು ಎಳೆಯೂ ಬಿಡಲಿಲ್ಲ. ಗಾಡಿಯಿಂದ ಒಂದು ಕೆಂಪು ಹಣ್ಣು ಮುರಿದು ಅವರ ಕೈಗಿಟ್ಟ. "ತಿನ್ನು. ನೆಟ್ಟ ಕಂದು ಮೊನ್ನೆ ಹೂ ಬಿಟ್ಟದ, ಶಿಕ್ಷಾ ಮುಗೀತು. ಇನ್ನ ಮ್ಯಾಲೆ ಬರೋದಾದ್ರ ಮುಂದಿನ ಬಾಗಿಲಿನಿಂದ ಬಾ."

ಮರುವರ್ಷ ಬ್ರಹ್ಮಪುರದ ಮನೆಯಲ್ಲಿ ಕುಳಿತು ನಾನು ಅಂಥ ಪಟ್ಟಿ ಇನ್ನೂ ಹದಿನೈದು ಹೊಲಿದೆ. ಬಿಡದಿದ್ದ ಮನೆಯವರು ಮಕ್ಕಳನ್ನು ಆಟಕ್ಕೆ ಬಿಟ್ಟರು, ಕಲಬುರ್ಗಿಯಲ್ಲಿ ಎರಡು ತಂಡಗಳಾದವು. ಆದರೆ ಅದೆಲ್ಲ ಆಮೇಲಿನ ಮಾತು.

ಆ ದಿನ ನಾವು ಬಜಾರದ ಕಡೆ ನಡೆದೆವು. ಅಪ್ಪ ಎತ್ತಿನ ಹಗ್ಗ ಹಿಡಿದು ಮುಂದೆ, ಅವನ ಹಿಂದೆ ಅವರು, ಅವರ ಹಿಂದೆ ನಾನು. ಅವರು ಹಣ್ಣು ಸುಲಿದು ಎರಡು ಮಾಡಿದರು. ಅರ್ಧ ಬಾಯಿಗೆ ಹೋಯಿತು. ಉಳಿದ ಅರ್ಧ ಹಿಡಿದ ಕೈ ಮೆಲ್ಲಗೆ ಹಿಂದಕ್ಕೆ ಬಂತು. ತಲೆ ತಿರುಗಿಸಲಿಲ್ಲ, ನಡಿಗೆ ನಿಧಾನ ಮಾಡಲಿಲ್ಲ. ದನಿಗಾಗಿ ಕಾಯುತ್ತಿದ್ದರು.

ಆ ಹೆಸರನ್ನು ಬಾಯಿಬಿಟ್ಟು ಕೂಗಿದ್ದು ಬಯಲಿನಲ್ಲೇ ಕೊನೆ. ನಾನು ಬಳೆ ಅಲುಗಿಸಿದೆ, ಕೈ ಚಾಚಿದೆ.