ಮೇಲ್ಮನೆಯ ಆಂಪ್

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅವಳು ಮೂರನೇ ಸಲ ಮೆಟ್ಟಿಲು ಹತ್ತಿದಳು. ಮೊದಲೆರಡು ಸಲ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು. ಈ ಸಲ ಬರಿಗಾಲು.

ಬಾಗಿಲು ತೆರೆದವನ ಕೊರಳಲ್ಲಿ ಗಿಟಾರ್ ನೇತಾಡುತ್ತಿತ್ತು. ಅವನ ಬೆನ್ನ ಹಿಂದೆ, ಗಿಟಾರಿನ ಸದ್ದನ್ನು ಹಿಗ್ಗಿಸುವ ಸೊಂಟದೆತ್ತರದ ಕಪ್ಪು ಆಂಪ್ ಇನ್ನೂ ಗುಂಯ್ ಎನ್ನುತ್ತಿತ್ತು.

“ನಿಮ್ಮ ಪೆಟ್ಟಿಗೆ ನನ್ನ ಸೀಲಿಂಗ್ ಕೊರೀತಿದೆ,” ಎಂದಳು.

“ಅದಕ್ಕೆ ಮ್ಯೂಸಿಕ್ ಅಂತಾರೆ.”

“ಮ್ಯೂಸಿಕ್ ಬಗ್ಗೆ ತಕರಾರಿಲ್ಲ. ಕೀರಲು ಬಗ್ಗೆ ಇದೆ. ಒಂದೇ ಸಾಲನ್ನ ನಲವತ್ತೊಂದು ಸಲ ನುಡಿಸಿದ್ರಿ. ಎಣಿಸಿದೀನಿ.”

“ಎಣಿಸೋಷ್ಟು ಪುರುಸೊತ್ತಿದ್ರೆ ತಾಳನೂ ಹಾಕಬಹುದಿತ್ತು.”

ಅವಳು ಅವನನ್ನು ನೆಟ್ಟ ನೋಟದಿಂದ ನೋಡಿದಳು. ಅವನೂ ಕಣ್ಣು ತಗ್ಗಿಸಲಿಲ್ಲ. ಕ್ಷೌರ ಕಾಣದ ಗಡ್ಡ, ನಿದ್ದೆಗೆಟ್ಟ ಕಣ್ಣು, ಆ ಕಣ್ಣಿನ ಅಂಚಿನಲ್ಲಿ ಒಂದು ತುಂಟತನ. ಆ ತುಂಟತನ ಅವಳನ್ನು ಕೀರಲಿಗಿಂತ ಹೆಚ್ಚು ಕೆರಳಿಸಿತು.

ಅವಳು ಆಡಿಯಾಲಜಿಸ್ಟ್. ವಾರದಲ್ಲಿ ಆರು ದಿನ ಗಾಜಿನ ಕಿಟಕಿಯ ಈಚೆ ಕೂತು, ಜನರ ಕಿವಿಗೆ ಎಷ್ಟು ಸಣ್ಣ ಸದ್ದು ಕೇಳುತ್ತದೆಂದು ಅಳೆಯುವುದು ಅವಳ ಕೆಲಸ. ಏಳನೇ ದಿನ ಅವಳಿಗೆ ಬೇಕಾಗಿದ್ದದ್ದು ಮೌನ. ಅವನು ಹನ್ನೆರಡು ವರ್ಷ ಬೇರೆಯವರ ಬ್ಯಾಂಡುಗಳಲ್ಲಿ, ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು ಗಿಟಾರ್ ನುಡಿಸಿದವನು. ಈಗ ಮೊದಲ ಬಾರಿ ಒಂದು ನೃತ್ಯ ತಂಡ ಅವನೊಬ್ಬನನ್ನೇ ನಂಬಿ ನಲವತ್ತು ನಿಮಿಷದ ಸಂಗೀತ ಕೇಳಿತ್ತು. ಅದಕ್ಕಾಗಿ ಚಿಕ್ಕ ಕೋಣೆಯ ಕಿಟಕಿಗೆ ಹಾಸಿಗೆ ಆನಿಸಿ, ಮೈಕು ನಿಲ್ಲಿಸಿ, ಸ್ಟುಡಿಯೋ ಮಾಡಿಕೊಂಡಿದ್ದ. ಉಳಿದದ್ದು ಒಂದೇ ತಿಂಗಳು.

ಅವಳು ಕ್ಲಿನಿಕ್ಕಿನಲ್ಲಿ ಅವನನ್ನು ‘ಮೇಲ್ಮನೆ’ ಎಂದು ಬೈಯುತ್ತಿದ್ದಳು. ಅವನು ಫೋನಿನಲ್ಲಿ ಗೆಳೆಯರೆದುರು ಅವಳನ್ನು ‘ಕೆಳಮನೆ’ ಎನ್ನುತ್ತಿದ್ದ. ಈ ಎರಡೂ ಹೆಸರು ಮನೆಯೊಡತಿಯ ಕಿವಿಗೆ ಬಿದ್ದಿದ್ದವು. ಜಗಳದ ಸದ್ದಿಗೆ ಆಕೆಯೂ ಮಂಡಿ ಹಿಡಿದುಕೊಂಡು ಮೇಲೆ ಬಂದರು.

“ಮೇಲ್ಮನೆ ಕೆಳಮನೆ ಒಪ್ಪದೇ ಇದ್ರೆ ಯಾವ ಮಸೂದೆನೂ ಪಾಸಾಗಲ್ಲ,” ಎಂದು ಮೆಟ್ಟಿಲ ಮೇಲೇ ಕೂತರು. “ಹಾಗಾಗಿ ನಾನೇ ಹೇಳ್ತೀನಿ. ಒಂದು ವಾರ. ಆ ಪೆಟ್ಟಿಗೆ ಹೋಗ್ಬೇಕು, ಇಲ್ಲ ನೀನು ಹೋಗ್ಬೇಕಪ್ಪ. ನನ್ನ ಅಳಿಯ ಹೇಳ್ತಿದ್ದ, ಈಗೆಲ್ಲ ಕಂಪ್ಯೂಟರ್‌ನಲ್ಲೇ ಆಂಪ್ ಬರುತ್ತಂತೆ.”

“ಸಿಮ್ಯುಲೇಟರ್ ಆಂಟಿ. ಆಂಪ್ ಸಿಮ್ಯುಲೇಟರ್. ಗಿಟಾರ್‌ನ ಲ್ಯಾಪ್‌ಟಾಪ್‌ಗೆ ಚುಚ್ಚಿದ್ರೆ ಅದೇ ಆಂಪ್ ಥರ ನಟಿಸುತ್ತೆ. ನಾಲ್ಕು ನೋಡಿದೀನಿ. ನಾಲ್ಕಕ್ಕೂ ಕಂಬಳಿ ಹೊದಿಸಿದ ಹಾಗಿದೆ. ಕಿವಿ ಇರೋರಿಗೆ ಗೊತ್ತಾಗುತ್ತೆ.”

ಕೊನೆಯ ಮಾತನ್ನು ಅವನು ಅವಳತ್ತ ನೋಡಿಯೇ ಹೇಳಿದ.

“ಕಣ್ಣು ಮುಚ್ಚಿಸಿ ಕೇಳಿಸಿದ್ರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗಲ್ಲ,” ಎಂದಳು ಅವಳು.

“ಗೊತ್ತಾದ್ರೆ?”

“ನಾನು ಮತ್ತೆ ಈ ಮೆಟ್ಟಿಲು ಹತ್ತಲ್ಲ. ನಿಮ್ಮ ಆಂಪ್ ಪರವಾಗಿ ಆಂಟಿ ಹತ್ರ ನಾನೇ ಮಾತಾಡ್ತೀನಿ. ಗೊತ್ತಾಗದಿದ್ರೆ ಅದು ಮನೆ ಬಿಟ್ಟು ಹೋಗ್ಬೇಕು.”

“ಶನಿವಾರ ಮಧ್ಯಾಹ್ನ ಬನ್ನಿ,” ಎಂದ.

ಶನಿವಾರ ಅವಳು ಅರ್ಧ ದಿನದ ಕೆಲಸ ಮುಗಿಸಿ, ಸದ್ದಳೆಯುವ ಮೀಟರ್ ಹಿಡಿದುಕೊಂಡೇ ಬಂದಳು. ಅವನು ಒಂದೇ ಸಾಲನ್ನು ತನ್ನ ಆಂಪಿನಲ್ಲೂ ನಾಲ್ಕು ಸಿಮ್ಯುಲೇಟರುಗಳಲ್ಲೂ ರೆಕಾರ್ಡ್ ಮಾಡಿಟ್ಟಿದ್ದ. ಅವಳು ಐದನ್ನೂ ಸಮನಾದ ಜೋರಿಗೆ ತಂದಳು.

“ಜೋರಾಗಿರೋದೇ ಚೆನ್ನಾಗಿದೆ ಅಂತ ಎಲ್ಲರಿಗೂ ಅನ್ಸುತ್ತೆ,” ಎಂದಳು. “ಮನುಷ್ಯರಲ್ಲೂ ಅಷ್ಟೇ, ನೀವು ಕೇಳಿಲ್ಲ, ಆದ್ರೂ ಹೇಳ್ತಿದೀನಿ.”

ಅವನು ಗೋಡೆಗೆ ಮುಖ ಮಾಡಿ ನಿಂತ. ಅವಳು ಆ ರೆಕಾರ್ಡುಗಳನ್ನು ಹಿಂದೆಮುಂದೆ ಮಾಡಿ ಹತ್ತು ಸಲ ಕೇಳಿಸಿದಳು. ಪ್ರತಿ ಸಲವೂ ಅವನು ‘ಆಂಪ್’ ಅಥವಾ ‘ಕಂಪ್ಯೂಟರ್’ ಎನ್ನಬೇಕು. ಮೊದಲ ಮೂರಕ್ಕೆ ಉತ್ತರ ಥಟ್ಟನೆ ಬಂತು. ಆಮೇಲೆ ತಡವಾಗತೊಡಗಿತು. ಎಂಟನೆಯದಕ್ಕೆ “ಇದು ಕಂಬಳಿ, ಕಂಪ್ಯೂಟರ್,” ಎಂದ. ಅದು ಅವನದೇ ಆಂಪ್.

ಹತ್ತಕ್ಕೆ ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಅವಳು ಗೆದ್ದಿದ್ದಳು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಪ್ರತಿ ಉತ್ತರಕ್ಕೂ ಮುಂಚೆ ಅವನು ಬಲಗೆನ್ನೆಯನ್ನು ಸ್ಪೀಕರಿನತ್ತ ತಿರುಗಿಸುವುದನ್ನು ಅವಳು ಗಮನಿಸಿದ್ದಳು. ಅವನು “ನಿಮ್ಮ ಮೀಟರ್‌ನಲ್ಲೇ ಏನೋ ಮೋಸ ಇದೆ” ಎಂದುಬಿಟ್ಟಾಗ ಬಾಯಿ ತಡೆಯಲಿಲ್ಲ.

“ಕಂಬಳಿ ಸಾಫ್ಟ್‌ವೇರ್‌ನಲ್ಲಿಲ್ಲ, ನಿಮ್ಮ ಎಡಗಿವಿಯಲ್ಲಿದೆ. ಮೇಲಿನ ಸ್ವರ ಅದಕ್ಕೆ ಕೇಳಿಸ್ತಿಲ್ಲ ಅನ್ಸುತ್ತೆ. ಅದಕ್ಕೇ ಆ ಸ್ವರ ಏರಿಸೋ ಟ್ರೆಬಲ್ ಗುಂಡಿ ತಿರುಗಿಸಿ ತಿರುಗಿಸಿ ನಮ್ಮ ತಲೆಗೆ ಮೊಳೆ ಹೊಡೀತೀರಿ.”

ಅವನ ಮುಖದಿಂದ ತುಂಟತನ ಇಳಿದುಹೋಯಿತು. ಅದರ ಜಾಗಕ್ಕೆ ಏನೂ ಬರಲಿಲ್ಲ. ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟ.

“ಹೊರಗೆ ಹೋಗಿ,” ಎಂದ.

ಸೋಮವಾರ ಬೆಳಗ್ಗೆ ಇಬ್ಬರು ಆಳುಗಳು ಆಂಪನ್ನು ಮೆಟ್ಟಿಲಿಳಿಸುತ್ತಿದ್ದರು. ಅವಳು ಕೆಲಸಕ್ಕೆ ಹೊರಟಿದ್ದವಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅವರ ಹಿಂದೆ ಅವನು ವೈರು ಸುತ್ತಿಕೊಂಡು ಬರುತ್ತಿದ್ದ. ಒಂದು ಮೆಟ್ಟಿಲಿನ ಅಂತರದಲ್ಲಿ ನಿಂತ. ಅಷ್ಟು ಹತ್ತಿರದಿಂದ ಅವನ ಕಣ್ಣು ಜೇನಿನ ಬಣ್ಣದ್ದೆಂದು ಅವಳಿಗೆ ಕಂಡಿತು, ಕಾಣಬಾರದಿತ್ತು.

“ಖುಷಿನಾ?” ಎಂದ.

ಅವಳು ಅವನ ಕೈಯಿಂದ ಜಾರಿದ ವೈರಿನ ತುದಿಯನ್ನು ಎತ್ತಿಕೊಟ್ಟು ಕೆಲಸಕ್ಕೆ ಹೋದಳು.

ಮೇಲಿನ ಮನೆ ಸ್ತಬ್ಧವಾಯಿತು. ಮೊದಲ ದಿನ ಅವಳು ಸುಖವಾಗಿ ಮಲಗಿದಳು. ಮೂರನೇ ದಿನ ಬಟ್ಟೆ ಮಡಚುವಾಗ ಯಾವುದೋ ರಾಗ ಗುನುಗುತ್ತಿದ್ದೇನೆಂದು ಗೊತ್ತಾಯಿತು. ಆ ನಲವತ್ತೊಂದು ಸಲದ ಸಾಲು. ಅದು ಮುಂದೆ ಎಲ್ಲಿಗೆ ಹೋಗುತ್ತದೋ ಅವಳಿಗೆ ತಿಳಿಯದು, ಅವನು ಅಲ್ಲಿಯವರೆಗೆ ನುಡಿಸಿಯೇ ಇರಲಿಲ್ಲ.

ಅದಕ್ಕಿಂತ ಚುಚ್ಚಿದ್ದು ಬೇರೆ. ಕ್ಲಿನಿಕ್ಕಿನಲ್ಲಿ ಇಂಥ ಸುದ್ದಿಯನ್ನು ಅವಳು ಹೇಗೆ ಹೇಳುತ್ತಿದ್ದಳು? ಕೂರಿಸಿ, ಬಾಗಿಲು ಮುಂದೆ ಮಾಡಿ, ಜತೆಯಲ್ಲಿ ಯಾರಾದರೂ ಬಂದಿದ್ದಾರಾ ಎಂದು ಕೇಳಿ. ಕಿವಿಯಿಂದಲೇ ಬದುಕುವ ಒಬ್ಬನಿಗೆ ಮಾತ್ರ ಅದನ್ನು ಕಲ್ಲಿನಂತೆ ಎಸೆದಿದ್ದಳು, ಪರೀಕ್ಷೆ ಕೂಡ ಮಾಡದೆ. ಎರಡು ಸಲ ಮೆಟ್ಟಿಲ ಬುಡದವರೆಗೆ ಹೋಗಿ ವಾಪಸು ಬಂದಳು.

ಹನ್ನೆರಡನೇ ದಿನ ಕ್ಲಿನಿಕ್ಕಿನಲ್ಲಿ ‘ಮುಂದಿನವರು’ ಎಂದಾಗ ಒಳಗೆ ಬಂದದ್ದು ಅವನು. ಗಡ್ಡ ತೆಗೆದಿದ್ದ. ಕೈಯಲ್ಲಿ ಟೋಕನ್ ಚೀಟಿ ಮುದುಡಿಹೋಗಿತ್ತು.

“ಬೇರೆ ಕ್ಲಿನಿಕ್ ಇರಲಿಲ್ವಾ?” ಎಂದುಬಿಟ್ಟಳು.

“ಇತ್ತು. ಅಲ್ಲಿಯವರು ಸಮಾಧಾನ ಮಾಡ್ತಾರೆ. ನೀವಾದ್ರೆ ಸುಳ್ಳು ಹೇಳಲ್ಲ.”

ಅವಳು ಗಾಜಿನ ಕೋಣೆಯಲ್ಲಿ ಅವನನ್ನು ಕೂರಿಸಿ ಹೆಡ್‌ಫೋನ್ ತೊಡಿಸಿದಳು. ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಬೇಕಾಯಿತು. ಅವನು ಉಸಿರು ಹಿಡಿದಿದ್ದ. ಅವಳೂ.

“ಎಷ್ಟೇ ಸಣ್ಣದಾಗಿ ಕೇಳಿದ್ರೂ ಗುಂಡಿ ಒತ್ತಿ. ಕೇಳದಿದ್ರೆ ಒತ್ತಬೇಡಿ. ಇದು ಪಂದ್ಯ ಅಲ್ಲ.”

ಬಲಗಿವಿ ಮುಗಿಯಿತು, ಸ್ವಚ್ಛ. ಎಡಗಿವಿಗೆ ಕೆಳಸ್ವರಗಳೆಲ್ಲ ಸರಿಯಿದ್ದವು. ಮೇಲಕ್ಕೆ ಹೋದಂತೆ ಅವನ ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯುತ್ತಿತ್ತು. ಅವಳು ಸದ್ದು ಏರಿಸಿದಳು. ಬೆರಳು ಅಲುಗಲಿಲ್ಲ. ಇನ್ನೂ ಏರಿಸಿದಳು. ಗಾಜಿನಾಚೆಯಿಂದ ಅವನು ಅವಳ ಮುಖವನ್ನೇ ನೋಡುತ್ತಿದ್ದ, ಸದ್ದು ಬಂದಿದೆಯೋ ಇಲ್ಲವೋ ಅಲ್ಲಿ ಬರೆದಿರುತ್ತದೆ ಎಂಬಂತೆ. ಅವಳು ತಲೆ ತಗ್ಗಿಸಿದಳು.

ಹಾಳೆಯ ಮೇಲೆ ಎಡಗಿವಿಯ ಗೆರೆ ಒಂದು ಕಡೆ ಕುಸಿದು ಮತ್ತೆ ಏರಿತ್ತು. ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಸ್ಟೇಜ್ ಮೇಲೆ ನಿಮ್ಮ ಎಡಕ್ಕೆ ಏನಿರ್ತಿತ್ತು?”

“ಡ್ರಮ್ಸ್. ಹನ್ನೆರಡು ವರ್ಷ.” ಗೆರೆ ಕುಸಿದ ಜಾಗದ ಮೇಲೆ ಬೆರಳಿಟ್ಟ. “ವಾಪಸ್ ಬರುತ್ತಾ?”

“ಹೋಗಿದ್ದು ಬರಲ್ಲ. ಇರೋದನ್ನ ಉಳಿಸಿಕೊಳ್ಳಬಹುದು. ಮಾತು ಕೇಳೋಕೆ ತೊಂದರೆ ಇಲ್ಲ. ನುಡಿಸೋದು ಬಿಡಬೇಕಾಗಿಲ್ಲ. ಜೋರು ಬಿಡಬೇಕು.”

“ಹನ್ನೆರಡು ದಿನದಿಂದ ಒಂದು ಸಾಲೂ ರೆಕಾರ್ಡ್ ಮಾಡಿಲ್ಲ,” ಎಂದ ಮೆಲ್ಲಗೆ. “ಪ್ರತಿ ಸ್ವರಕ್ಕೂ, ಇದು ನಿಜಕ್ಕೂ ಹೀಗಿದೆಯಾ ಅಥವಾ ನನಗೆ ಹೀಗೆ ಕೇಳ್ತಿದೆಯಾ ಅಂತ ಅನುಮಾನ.”

“ಆವತ್ತು ನಾನು ಹೇಳಿದ ರೀತಿ ತಪ್ಪು.”

“ವಿಷಯ?”

“ವಿಷಯ ಸರಿ.”

ಅವನಿಗೆ ನಗು ಬಂತು, ಬರಬಾರದ ಹೊತ್ತಿನಲ್ಲಿ ಬಂದ ನಗು. ಅವಳು ಹಾಳೆಯನ್ನು ಫೈಲಿಗೆ ಸೇರಿಸಿ, ಮೇಲೆ ಬೇರೆ ಹೆಸರು ಬರೆದಳು.

“ಮುಂದಿನ ಟೆಸ್ಟ್ ನನ್ನ ಸೀನಿಯರ್ ಮಾಡ್ತಾರೆ. ನಾನು ಇನ್ನು ನಿಮ್ಮನ್ನ ಪೇಷೆಂಟ್ ಆಗಿ ನೋಡಲ್ಲ.”

“ಅಷ್ಟು ಕೋಪನಾ?”

“ಪೇಷೆಂಟ್ ಜತೆ ಜಗಳ ಆಡೋ ಹಾಗಿಲ್ಲ,” ಎಂದಳು ಫೈಲನ್ನೇ ನೋಡುತ್ತ. “ನನಗೆ ಜಗಳ ಆಡೋದಿದೆ.”

ಅವನು ಆ ಮಾತನ್ನು ಹೊತ್ತುಕೊಂಡು ಹೋದ. ಭಾನುವಾರ ಮಧ್ಯಾಹ್ನ ಅವಳು ಮೇಲೆ ಹೋದಾಗ ಬಾಗಿಲು ಮೊದಲೇ ತೆರೆದಿತ್ತು. ಗಡುವಿಗೆ ಹತ್ತು ದಿನವಿತ್ತು. ಒಂದೇ ಲ್ಯಾಪ್‌ಟಾಪಿಗೆ ಎರಡು ಹೆಡ್‌ಫೋನ್ ಸಿಕ್ಕಿಸಿ, ಸದ್ದು ತಗ್ಗಿಸಿಟ್ಟು, ಇಬ್ಬರೂ ನಾಲ್ಕು ಸಿಮ್ಯುಲೇಟರುಗಳ ಮುಂದೆ ಕೂತರು. ಕೂತ ಐದು ನಿಮಿಷಕ್ಕೆ ಜಗಳ ಶುರುವಾಯಿತು.

“ಎರಡನೇದು. ಎಲ್ಲಕ್ಕಿಂತ ತಿಳಿಯಾಗಿದೆ. ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದಳು.

ಅವನು ಗಿಟಾರನ್ನು ಅವಳ ತೊಡೆಯ ಮೇಲಿಟ್ಟ. “ನೀವೇ ಒಂದು ತಂತಿ ಮೀಟಿ.”

“ನನಗೆ ಬರಲ್ಲ.”

“ಮೀಟೋಕೆ ಬರೋದೇನು?” ಅವಳ ಹೆಬ್ಬೆರಳನ್ನು ಹಿಡಿದು ತಂತಿಯ ಮೇಲಿಟ್ಟು, ಬಿಟ್ಟ. ಬಿಡುವುದು ಸ್ವಲ್ಪ ತಡವಾಯಿತು.

ಅವಳು ಮೀಟಿದಳು. ಮತ್ತೊಮ್ಮೆ ಮೀಟಿದಳು. ಹುಬ್ಬು ಗಂಟಾಯಿತು. “ಬೆರಳು ಬಿಟ್ಟ ಮೇಲೆ ಸದ್ದು ಬರ್ತಿದೆ. ಕಣ್ಣು ಮಿಟುಕಿಸೋಷ್ಟೂ ತಡ ಇಲ್ಲ. ಆದ್ರೂ...”

“ಆ ‘ಆದ್ರೂ’ನೇ ನಾನು ಹೇಳೋಕೆ ಒದ್ದಾಡ್ತಿದ್ದದ್ದು. ನೀವು ಕೇಳೋರು, ನಾನು ನುಡಿಸೋನು. ಆವತ್ತು ನನ್ನ ಕಿವಿಗೆ ಪರೀಕ್ಷೆ ಇಟ್ರಿ. ಬೆರಳನ್ನ ಯಾರೂ ಕೇಳಲಿಲ್ಲ.”

ಅವಳು ಇನ್ನೊಮ್ಮೆ ಮೀಟಿ ನೋಡಿದಳು. ಇದು ಅವಳ ಮೀಟರಿಗೆ ಸಿಕ್ಕಿರಲಿಲ್ಲ.

“ತಪ್ಪಾಯ್ತು,” ಎಂದಳು.

“ಎಡಗಡೆ ಕೂತು ಹೇಳಿದ್ರಿ. ಕೇಳಿಸಲಿಲ್ಲ.”

“ಸುಳ್ಳು. ಮಾತು ಆ ಕಿವಿಗೆ ಚೆನ್ನಾಗೇ ಕೇಳುತ್ತೆ. ರಿಪೋರ್ಟ್ ಬರೆದಿದ್ದು ನಾನು.”

ಮೂರನೆಯದನ್ನು ತೆರೆದರು. ಉಳಿದವುಗಳಂತೆ ಪರದೆಯ ಮೇಲೆ ಹೊಳೆಯುವ ಆಂಪಿನ ಚಿತ್ರವಿಲ್ಲ, ಬರೀ ಐದು ಬೂದು ಗುಂಡಿಗಳು. ಅವನು ಗಿಟಾರನ್ನು ವಾಪಸು ತೆಗೆದುಕೊಂಡು ಮೀಟಿದ. ಬೆರಳು ಮುಟ್ಟಿದ ಕೂಡಲೇ ಸದ್ದು ಬಂತು. ಅವನ ಭುಜ ಸಡಿಲವಾದದ್ದನ್ನು ಅವಳು ನೋಡಿದಳು. ಸ್ವರ ಎರಡನೆಯದರಷ್ಟು ತಿಳಿಯಿರಲಿಲ್ಲ, ಅದನ್ನೂ ಹೇಳಿದಳು. ಅವನು ಒಪ್ಪಲಿಲ್ಲ. ಅರ್ಧ ಗಂಟೆ ಕಿತ್ತಾಡಿದರು. ಕೊನೆಗೆ ಮೂರನೆಯದೇ ನಿಂತಿತು.

ಆಮೇಲೆ ಅವನು ಮೌಸನ್ನು ಅವಳ ಕಡೆ ಸರಿಸಿದ.

“ಟ್ರೆಬಲ್ ನೀವು ಇಡಿ. ಎಲ್ಲಿಗೆ ನಿಲ್ಲಬೇಕು ಅಂತ ನನಗೆ ಗೊತ್ತಾಗಲ್ಲ.”

ಅಷ್ಟು ದಿನ ಬೈಸಿಕೊಂಡರೂ ಬಿಟ್ಟುಕೊಡದ ಗುಂಡಿ. ಅವಳು ಮೌಸ್ ಹಿಡಿದಳು. ಅವನು ನುಡಿಸುತ್ತಲೇ ಹೋದ, ಅವಳು ಕೂದಲೆಳೆಯಷ್ಟು ಇಳಿಸುತ್ತ, ಏರಿಸುತ್ತ ಹೋದಳು. ಇಷ್ಟು ದಿನ ಅರ್ಧಕ್ಕೇ ನಿಲ್ಲುತ್ತಿದ್ದ ಆ ಸಾಲು ಮುಂದಕ್ಕೆ ಹೋಗಿ, ತಿರುಗಿ, ತಣ್ಣಗೆ ನೆಲೆಗೆ ಬಂತು.

“ಇಲ್ಲಿ,” ಎಂದಳು. “ಇದಕ್ಕಿಂತ ಮೇಲೆ ಬೇಡ.”

“ಇಡೀ ನಲವತ್ತು ನಿಮಿಷ ಹೀಗೇ ಕೂತು ಹೇಳಬೇಕಾಗುತ್ತೆ. ಆಮೇಲೆ ಮುಂದಿನದಕ್ಕೂ. ಅದರ ಮುಂದಿನದಕ್ಕೂ.”

“ಇದು ಕೆಲಸಕ್ಕೆ ಕರೀತಿರೋದಾ?”

“ಅಲ್ಲ,” ಎಂದ. ಜೇನಿನ ಬಣ್ಣದ ಕಣ್ಣು ಈ ಸಲವೂ ಕದಲಲಿಲ್ಲ. “ಗೊತ್ತಿದ್ದೂ ಕೇಳ್ತೀರಲ್ಲ.”

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹನ್ನೆರಡು ದಿನ ಮೇಲಿಂದ ಒಂದು ಸದ್ದೂ ಇರಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ನಿಮ್ಮ ಮೇಲೆ?”

“ಗದ್ದಲ ಮಾಡಿದ್ರೂ ಸಿಟ್ಟು, ಸುಮ್ಮನಿದ್ರೂ ಸಿಟ್ಟು.”

“ಹೌದು. ಅದೇ ತೊಂದರೆ ಆಗಿರೋದು.”

ಅವನು ಗಿಟಾರನ್ನು ಗೋಡೆಗೆ ಒರಗಿಸಿ ಅವಳ ಕೈ ಹಿಡಿದುಕೊಂಡ.

“ಮುಂದೆ ಯಾವತ್ತಾದ್ರೂ ಪೂರ್ತಿ ಕೇಳಿಸದೇ ಹೋದ್ರೆ?” ಎಂದು ಅವನು ಕೇಳಿದಾಗ ದನಿಯಲ್ಲಿ ತಮಾಷೆಯಿರಲಿಲ್ಲ.

“ಹಾಗಾಗೋಕೆ ನಾನು ಬಿಡಲ್ಲ.”

“ಹಾಗೂ ಆದ್ರೆ?”

“ಹತ್ತಿರ ಕೂತು ಹೇಳ್ತೀನಿ.”

“ಏನು ಹೇಳ್ತೀರಿ?”

“ಈಗ ಹೇಳೋದೇ. ಬೈತೀನಿ,” ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. “ಇನ್ನೂ ಸ್ವಲ್ಪ ಜೋರಾಗಿ.”